ಸುರಂಗದ ಬಾಯಲ್ಲಿ ಅಜ್ಜಿ

ಕೇಳುಗರೇ, ನಮಸ್ಕಾರ.

ಕಾಸರಗೋಡಿನ ನಮ್ಮ ಬಾಯಾರಿನ ಕಡೆ ಗುಡ್ಡಕ್ಕೆ ಸುರಂಗ ಕೊರೆದು ನೀರು ತರುವ ಕ್ರಮ ಇದೆ. ಒಬ್ಬ ಆಳು ಬಗ್ಗಿ ನುಗ್ಗುವಷ್ಟು ಜಾಗ, ಸುತ್ತ ಮುರಕಲ್ಲು, ಕೈಯಲ್ಲಿ ಪಿಕ್ಕಾಸು, ಪಕ್ಕದಲ್ಲೊಂದು ಮೇಣದ ಬತ್ತಿ. ಬತ್ತಿ ಮಂಕಾದರೆ ಒಳಗೆ ಗಾಳಿ ಸಾಲದು ಎಂದು ಲೆಕ್ಕ, ಕೂಡಲೇ ಹೊರಗೆ ಬರಬೇಕು. ನನ್ನಜ್ಜ ಈ ಕೆಲಸದವರು. 1941ರಲ್ಲಿ ಸೈನ್ಯಕ್ಕೆ ಸೇರಿದಾಗ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ಗೆ ಹಾಕಿದರು. ಸೇತುವೆ ಕಟ್ಟುವ, ನೆಲಬಾಂಬು ತೆಗೆಯುವ ಪಡೆ ಅದು. ಆಗ ನನ್ನ ಅಪ್ಪ ತೊಟ್ಟಿಲ ಮಗು.

ಅಜ್ಜನನ್ನು ಕಳಿಸಿದ್ದು ಬರ್ಮಾಕ್ಕೆ. ಬರ್ಮಾ ಅಂದರೆ ನಮ್ಮ ಕರಾವಳಿಯವರಿಗೆ ಅಕ್ಕಿ. 1942ರಲ್ಲಿ ಜಪಾನಿನವರು ಆ ದೇಶ ಹಿಡಿದ ಮೇಲೆ ಅಕ್ಕಿಯ ಹಡಗು ನಿಂತಿತು, ಊರಲ್ಲಿ ರೇಷನ್ ಬಂತು. ಅಜ್ಜಿ ಕೆಸುವಿನ ಗೆಡ್ಡೆ, ಹಲಸಿನ ಬೇಳೆ ಬೇಯಿಸಿ ದಿನ ದೂಡಿದರು. ಗಂಜಿಯಲ್ಲಿದ್ದ ನಾಲ್ಕು ಅಗುಳು ಮಗುವಿಗೆ, ತೆಳಿ ತನಗೆ. "ಅಕ್ಕಿ ಬರುವ ದಾರಿ ಬಿಡಿಸಲಿಕ್ಕೇ ಅವರು ಹೋದದ್ದು" ಎಂದು ನೆರೆಮನೆಯವರಿಗೆ ಹೇಳುತ್ತಿದ್ದರಂತೆ. ಆ ಯುದ್ಧದ ಬಗ್ಗೆ ನಾನು ಎಷ್ಟೋ ಓದಿದ್ದೇನೆ, ಇಷ್ಟು ನೇರವಾಗಿ ಹೇಳಿದವರನ್ನು ಕಂಡಿಲ್ಲ.

ಅಜ್ಜ ಯುದ್ಧದ ಮಾತು ಎತ್ತಿದ್ದು ಕಡಿಮೆ. ಕಲೇವಾದಲ್ಲಿ ಚಿಂಡ್ವಿನ್ ನದಿಗೆ 1944ರ ಡಿಸೆಂಬರಿನಲ್ಲಿ ಕಬ್ಬಿಣದ ತುಂಡುಗಳನ್ನು ಜೋಡಿಸಿ ಸೇತುವೆ ಮಾಡಿದರು, ಸಾವಿರ ಅಡಿಗೂ ಮಿಕ್ಕಿ ಉದ್ದ. ಅದನ್ನು ದಾಟಿದ ರಾತ್ರಿಯ ವಿಷಯ ಮಾತ್ರ ಹೇಳುತ್ತಿದ್ದರು. ಉಳಿದದ್ದೆಲ್ಲ ಅವರ ಕೈಯಲ್ಲಿತ್ತು. ಅಡಿಕೆ ಸಸಿ ನೆಡುವಾಗ ಹಾರೆ ಹಾಕುವ ಮೊದಲು ಮಂಡಿಯೂರಿ, ಒಂದು ಸಪುರ ಕಬ್ಬಿಣದ ಸರಳನ್ನು ಓರೆಯಾಗಿ, ಮೆಲ್ಲ ಮೆಲ್ಲ ಮಣ್ಣಿಗೆ ಚುಚ್ಚುವರು. ಸ್ಯಾಪರ್‌ಗಳು ಬಯೊನೆಟ್ಟಿನಿಂದ ನೆಲಬಾಂಬು ಹುಡುಕುವ ಕ್ರಮ ಅದೇ. ನೇರ ಚುಚ್ಚಿದರೆ ಸಿಡಿಯುತ್ತದೆ. ನಮ್ಮ ತೋಟದಲ್ಲಿ ಏನಿತ್ತು, ಕಲ್ಲಲ್ಲದೆ? ಆದರೂ ಅಜ್ಜಿ ಸಸಿ ಹಿಡಿದುಕೊಂಡು, ಒಂದು ಮಾತೂ ಆಡದೆ ಕಾಯುತ್ತಿದ್ದರು.

ಮನೆಗೆ ಬಂದದ್ದು 1946ರಲ್ಲಿ, ಒಂದು ಟ್ರಂಕು ಮತ್ತು ಬರ್ಮಾ ಸ್ಟಾರ್ ಪದಕದೊಂದಿಗೆ. ಐದು ವರ್ಷ ಕಾಣದ ಅಪ್ಪನನ್ನು ಕಂಡು ನನ್ನ ಅಪ್ಪ ಹೆದರಿ ಹಟ್ಟಿಯಲ್ಲಿ ಅಡಗಿದ್ದರಂತೆ. ಪಿಂಚಣಿ ಸಿಗಲಿಲ್ಲ. ಅದಕ್ಕೆ 15 ವರ್ಷದ ಸೇವೆ ಆಗಬೇಕು. ಮುಪ್ಪಿನಲ್ಲಿ ಸಹಾಯಧನಕ್ಕೆ ಅರ್ಜಿ ಹಾಕಿದರೆ ಇನ್ನೊಂದು ತೊಡಕು. ಡಿಸ್ಚಾರ್ಜ್ ಪುಸ್ತಕದಲ್ಲಿ ಜಿಲ್ಲೆ ದಕ್ಷಿಣ ಕನ್ನಡ, ಪ್ರಾಂತ್ಯ ಮದ್ರಾಸು. 1956ರ ನವೆಂಬರ್ 1ರಿಂದ ನಾವು ಕೇರಳದವರು. ಹೋದ ಕಚೇರಿಯಲ್ಲಿ ಮಲಯಾಳದ ಫಾರ್ಮು ಕೊಟ್ಟು, ಊರು ಯಾವುದೆಂದು ರುಜುವಾತು ತರಲು ಹೇಳಿದರು. ಮನೆ ಇದ್ದಲ್ಲೇ ಇತ್ತು, ಕದಲಿದ್ದು ಗಡಿ. ಆ ದಿನ ಅಜ್ಜ ಊಟ ಮಾಡದೆ ಮಲಗಿದ್ದು ನನಗೆ ಈಗಲೂ ಸಂಕಟ.

ಹಾಗಾಗಿ ಹೊಟ್ಟೆಪಾಡು ಮತ್ತೆ ಸುರಂಗವೇ ಆಯಿತು. ಅಜ್ಜ ಒಳಗೆ ಕೊರೆಯುವುದು, ಅಜ್ಜಿ ಬುಟ್ಟಿಯಲ್ಲಿ ಮಣ್ಣು ಹೊರಗೆ ಹೊರುವುದು. ಅಜ್ಜಿಗೆ ಮೇಣದ ಬತ್ತಿಯ ಮೇಲೆ ನಂಬಿಕೆ ಇರಲಿಲ್ಲ. ಮಣ್ಣು ಸುರಿದು ಬಂದಾಗಲೆಲ್ಲ ಸುರಂಗದ ಬಾಯಲ್ಲಿ ಬಗ್ಗಿ, "ಕೇಳ್ತದಾ?" ಎಂದು ಕೂಗುವರು. ಕತ್ತಲೆಯೊಳಗಿಂದ ಅಜ್ಜ "ಓ" ಅನ್ನುವರು. ಆಮೇಲೆಯೇ ಅವರು ಮುಂದಿನ ಬುಟ್ಟಿಗೆ ಕೈ ಹಾಕುತ್ತಿದ್ದುದು.