ಎಣ್ಣೆಯ ಸದ್ದು ಇಳಿದಾಗ

ಕೇಳುಗರಿಗೆಲ್ಲ ನಮಸ್ಕಾರ. ಆರಿದ್ರಾ ಮಳೆ ಆರದೆ ಹೊಯ್ಯುತ್ತೆ ಅನ್ನೋ ಮಾತು ನಮ್ಮ ತೀರ್ಥಹಳ್ಳಿ ಕಡೆ ಸುಳ್ಳಾಗೋದು ಕಡಿಮೆ. ಡಬ್ಬಿ ಮುಚ್ಚಳ ಒಂದರ್ಧ ಗಂಟೆ ತೆಗೆದಿಟ್ಟರೆ ಸಾಕು, ಹಲಸಿನಕಾಯಿ ಚಿಪ್ಸ್ ಮೆತ್ತಗಾಗಿರುತ್ತೆ. ಅಂಥ ಹೊತ್ತಲ್ಲೇ ಮೊಮ್ಮಗಳಿಗೆ ಫ್ರೆಂಚ್ ಫ್ರೈಸ್ ಬೇಕಾಯ್ತು. "ಅಜ್ಜಿ, ಗರಿಗರಿ ಇರ್ಬೇಕು ಮತ್ತೆ!"

ಫ್ರಿಜ್ಜಿನಿಂದ ಆಲೂಗಡ್ಡೆ ತೆಗೆದೆ, ಹೆಚ್ಚಿದೆ, ಜೋರು ಉರಿಯಲ್ಲಿ ಒಂದೇ ಸಲಕ್ಕೆ ಕರಿದೆ. ಹೊರಗೆ ಕಪ್ಪು, ಒಳಗೆ ಹಸಿ. ಐದು ನಿಮಿಷಕ್ಕೆ ಬಾಡಿದ ಬೀನ್ಸಿನ ಹಾಗೆ ಬಾಗಿಕೊಂಡವು. ಥಂಡಿಯಲ್ಲಿಟ್ಟರೆ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತೆ, ಆ ಸಕ್ಕರೆ ಎಣ್ಣೆಯಲ್ಲಿ ಬೇಗ ಸೀಯುತ್ತೆ. ಅದಕ್ಕೆ ಕತ್ತಲೆ ಮೂಲೆಯ ಬುಟ್ಟಿಯೇ ಸರಿ.

ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಏಳುವ ಎಳೆ ಗಡ್ಡೆ ಪಲ್ಯಕ್ಕಿರಲಿ, ಅದರಲ್ಲಿ ನೀರು ಜಾಸ್ತಿ. ಅನುಮಾನ ಬಂದರೆ 11 ಲೋಟ ನೀರಿಗೆ 1 ಲೋಟ ಉಪ್ಪು ಕರಗಿಸಿ ಗಡ್ಡೆ ಬಿಡಿ. ಮುಳುಗಿದ್ದರಲ್ಲಿ ಹಿಟ್ಟಿನಂಶ ಹೆಚ್ಚು, ನಮಗೆ ಬೇಕಾದ್ದು ಅದೇ. ಬಿತ್ತನೆ ಭತ್ತವನ್ನ ಉಪ್ಪುನೀರಿಗೆ ಹಾಕಿ ಜೊಳ್ಳು ತೇಲಿಸ್ತೀವಲ್ಲ, ಹಾಗೇ.

ಕಿರುಬೆರಳ ದಪ್ಪಕ್ಕೆ ಹೆಚ್ಚಿ, ಹಾಲಿನಂಥ ನೀರು ತಿಳಿಯಾಗೋವರೆಗೆ ತೊಳೀರಿ. ಆಮೇಲೆ ಪಾಣಿಪಂಚೆ ಮೇಲೆ ಹರಡಿ ಒತ್ತಿ ಒರೆಸಿ. ಮಳೆಗಾಲದಲ್ಲಿ ತಾನಾಗೇ ಆರಲಿ ಅಂತ ಕೂತರೆ ರಾತ್ರಿಯಾಗುತ್ತೆ!

ಇನ್ನು ಕರಿಯೋದು, ಎರಡು ಸಲ. ಹೆಸರಲ್ಲಿ ಫ್ರೆಂಚ್ ಇದ್ದರೂ ಇದು ನಮ್ಮದು ಅನ್ನೋ ಬೆಲ್ಜಿಯಂನವರ ಕ್ರಮವೂ ಇದೇ. ಮೊದಲು ಹದ ಉರಿ, ಸುಮಾರು 160 ಡಿಗ್ರಿ, ಐದಾರು ನಿಮಿಷ. ಬಣ್ಣ ಬರಬಾರದು, ಬೆಂದರೆ ಸಾಕು. ತೆಗೆದು ಅರ್ಧ ಗಂಟೆ ಆರೋಕೆ ಬಿಡಿ. ಈ ಅರ್ಧ ಗಂಟೆಯನ್ನ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳೋದಿಲ್ಲ. ಒಳಗಿನ ನೀರಿನ ಪಸೆ ಮೆಲ್ಲಗೆ ಹೊರಮೈಗೆ ಬರೋದು ಆಗಲೇ. ಆಮೇಲೆ ಎಣ್ಣೆ 190 ಡಿಗ್ರಿಗೆ ಕಾಯಿಸಿ, ಸ್ವಲ್ಪ ಸ್ವಲ್ಪವೇ ಹಾಕಿ ಎರಡು ಮೂರು ನಿಮಿಷ ಕರೀರಿ. ಒಂದೇ ಸಲ ಸುರಿದರೆ ಎಣ್ಣೆ ತಣ್ಣಗಾಗಿ ಫ್ರೈಸ್ ಎಣ್ಣೆ ಕುಡಿಯುತ್ತೆ.

ಡಿಗ್ರಿ ಅಳೆಯೋ ಕಡ್ಡಿ ನಮ್ಮನೇಲಿಲ್ಲ. ಹಲಸಿನಕಾಯಿ ಕರಿಯೋವಾಗ ನಮ್ಮಮ್ಮ ಬಾಣಲೆ ಕಡೆ ನೋಡ್ತಾನೂ ಇರಲಿಲ್ಲ. ಬೆನ್ನು ತಿರುಗಿಸಿ ಸೊಳೆ ಬಿಡಿಸ್ತಾ, "ಸದ್ದು ಇಳೀತು, ತೆಗಿ" ಅನ್ನೋಳು. ಎಣ್ಣೆಯ ಚೊರ್ರೋ ಸದ್ದು ಅಂದರೆ ನೀರು ಆವಿಯಾಗಿ ಹೊರಡೋ ಸದ್ದು. ಫ್ರೈಸಿಗೂ ಅಷ್ಟೇ. ಗುಳ್ಳೆ ಕಡಿಮೆಯಾಗಿ ಸದ್ದು ಸಣ್ಣಗಾಗುತ್ತೆ. ಸಟ್ಟುಗದಲ್ಲಿ ಎತ್ತಿ ಅಲುಗಿಸಿದರೆ ಒಣ ಅವರೆಕೋಡಿನ ಹಾಗೆ ಗಲಗಲ ಅನ್ನಬೇಕು.

ಉಪ್ಪು, ಬಿಸಿಯಿದ್ದಾಗಲೇ ಉದುರಿಸಿ. ಚಿಪ್ಸಿಗೆ ಹಾಕ್ತೀವಲ್ಲ ಅಂತ ಎಣ್ಣೆಗೆ ಉಪ್ಪುನೀರು ಚಿಮುಕಿಸಬೇಡಿ. ಕರಿದದ್ದರ ಮೇಲೆ ಮುಚ್ಚಳವೂ ಬೇಡ, ಹಬೆಗೆ ಮತ್ತೆ ಮೆತ್ತಗಾಗುತ್ತೆ.

ಮೊನ್ನೆ ಹೀಗೇ ಮಾಡಿದೆ. ತಟ್ಟೆಗೆ ಬಂದದ್ದು ಎಂಟೋ ಹತ್ತೋ, ಮಿಕ್ಕಿದ್ದೆಲ್ಲ ಒಲೆ ಪಕ್ಕದಲ್ಲೇ ಖಾಲಿಯಾಯ್ತು. ನಮಸ್ಕಾರ.