ಮೂರು ಸಲ ಕೇಳಿದ ಮೇಲೆ

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪಾಪನಿವೇದನೆ ಮಾಡಿಬಿಡುತ್ತೇನೆ, ಚರ್ಚಿನ ಸ್ವಾಮಿಗಳು ಸಿಗಲಿಲ್ಲ, ಕ್ಯಾಮೆರಾ ಸಿಕ್ಕಿದೆ.

ಸುಮಾರು ಹತ್ತು ವರ್ಷ ನಾನು ತಪಸ್ಸುಕಾಲವನ್ನು, ಅಂದರೆ ಈಸ್ಟರ್ ಹಬ್ಬಕ್ಕೆ ಮೊದಲಿನ ಉಪವಾಸದ ದಿನಗಳನ್ನು, ಡಯೆಟ್ ಥರ ಮಾಡಿದೆ. ಅದು ಶುರುವಾಗುವ ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಮನೆಗೆ ಬಂದ ಕೂಡಲೇ ಪಟ್ಟಿ ರೆಡಿ. ಮಟನ್ ಇಲ್ಲ, ಸಿಹಿ ಇಲ್ಲ, ಸಂಜೆ ಕಾಫಿ ಇಲ್ಲ. ಆ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿ ನೋಡಿ, 46 ದಿನ ಬರುತ್ತದೆ. ನಾವು ಹೇಳುವುದು 40. ಯಾಕಂದ್ರೆ ಭಾನುವಾರ ಲೆಕ್ಕಕ್ಕಿಲ್ಲ. ಇದು ಗೊತ್ತಾದ ವರ್ಷದಿಂದ ನಮ್ಮ ಮನೆಯಲ್ಲಿ ಆರೂ ಭಾನುವಾರ ಬಿರಿಯಾನಿ! ಆದರೂ ಕೊನೆಗೆ ಒಂದೂವರೆ ಕೆಜಿ ಇಳಿದಿರುತ್ತಿತ್ತು, ಅದಕ್ಕೂ ‘ದೇವರ ಕೃಪೆ’ ಅಂತ ಸ್ಟೇಟಸ್ ಹಾಕಿದ ಮನುಷ್ಯ ನಾನು.

ತಮಾಷೆ ಏನಂದರೆ ನಮ್ಮ ಕಥೋಲಿಕ ಧರ್ಮಸಭೆ ಇಷ್ಟೆಲ್ಲ ಕೇಳುವುದೇ ಇಲ್ಲ. 18ರಿಂದ 59 ವರ್ಷದವರು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ, ಒಂದು ಹೊತ್ತು ಪೂರ್ತಿ ಊಟ ಮಾಡಿ ಉಪವಾಸ ಇರಬೇಕು. 14 ದಾಟಿದವರು ಆ ಬುಧವಾರ, ಆಮೇಲೆ ಶುಕ್ರವಾರಗಳಲ್ಲಿ ಮಾಂಸ ಬಿಡಬೇಕು. ಅಷ್ಟೇ. ಉಳಿದದ್ದು ನಮಗೆ ಬಿಟ್ಟಿದ್ದು. ನಮಗೆ ಬಿಟ್ಟಿದ್ದರಲ್ಲೇ ನಾವು ಸಿಕ್ಕಿಬೀಳುವುದು, ಅಲ್ವಾ?

ಆಮೇಲೆ ಒಂದು ಫೆಬ್ರವರಿಯಲ್ಲಿ ಅಮ್ಮ ಆಸ್ಪತ್ರೆಗೆ ಸೇರಿದರು. ಡಾಕ್ಟರು ಕೊಟ್ಟಿದ್ದು ವಾರಗಳ ಲೆಕ್ಕ. ನೋಡಲು ಬಂದವರಲ್ಲಿ ಪ್ರಾರ್ಥನಾ ಕೂಟದ ಒಬ್ಬರು ನನ್ನನ್ನು ಕಾರಿಡಾರಿಗೆ ಕರೆದರು. ನಾನು ಅಳುತ್ತಿದ್ದೆ. ‘ಅಳಬೇಡಿ, ಅತ್ತರೆ ವಿಶ್ವಾಸ ಇಲ್ಲ ಅಂತ ಆಗುತ್ತೆ. ಎಲ್ಲ ದೇವರ ಚಿತ್ತಕ್ಕೆ ಒಪ್ಪಿಸಿಬಿಡಿ’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ನಾನು ಕಣ್ಣೊರೆಸಿಕೊಂಡೆ. ಆದರೆ ಒಳಗೆ ಏನೋ ಮುಚ್ಚಿಕೊಂಡಿತು, ಬಾಗಿಲು ಹಾಕಿದ ಹಾಗೆ. ಅವತ್ತಿನಿಂದ ಒಂದು ತಿಂಗಳು ನನಗೆ ಪ್ರಾರ್ಥನೆ ಮಾಡಲು ಆಗಲೇ ಇಲ್ಲ.

ಅದೇ ತಿಂಗಳಲ್ಲಿ, ಬೇರೆ ಕೆಲಸ ಇಲ್ಲದೆ, ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೈಬಲಿನ ಗೆತ್ಸೆಮನಿ ತೋಟದ ಭಾಗ ಓದಿದೆ, ಶಿಲುಬೆಯ ಸಾವಿನ ಹಿಂದಿನ ರಾತ್ರಿ ಯೇಸು ಪ್ರಾರ್ಥನೆ ಮಾಡಿದ ಜಾಗ. ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೇನೋ. ಆದರೆ ನನ್ನ ತಲೆಯಲ್ಲಿ ಉಳಿದಿದ್ದು ಕ್ಯಾಲೆಂಡರ್ ಚಿತ್ರ ಮಾತ್ರ. ಯೇಸು ಬಂಡೆಗೆ ಒರಗಿ, ಕೈ ಜೋಡಿಸಿ, ಶಾಂತವಾಗಿ ಮೇಲೆ ನೋಡುತ್ತಿರುತ್ತಾರಲ್ಲ, ಅದು. ಪುಸ್ತಕದಲ್ಲಿ ಇರುವುದು ಬೇರೆಯೇ. ಕಲ್ಲೆಸೆತದಷ್ಟು ದೂರ ಹೋಗಿ ಬಿದ್ದುಕೊಂಡು ಬೇಡುತ್ತಾರೆ. ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬೀಳುತ್ತದೆ ಅಂತ ಶುಭಸಂದೇಶ ಅನ್ನುವ ಯೇಸುವಿನ ಚರಿತ್ರೆ ಬರೆದ ನಾಲ್ವರಲ್ಲಿ ಒಬ್ಬನಾದ ಲೂಕ ಬರೆಯುತ್ತಾನೆ. ಸಾಧ್ಯವಿದ್ದರೆ ಇದನ್ನು ತಪ್ಪಿಸು ಅಂತ ಕೇಳುತ್ತಾರೆ. ಎದ್ದು ಹೋಗಿ ಶಿಷ್ಯರನ್ನು ನೋಡಿದರೆ, ಗೊರಕೆ! ವಾಪಸ್ ಬಂದು ಮತ್ತೆ ಕೇಳುತ್ತಾರೆ. ಮತ್ತೆ ಹೋಗಿ, ಮತ್ತೆ ಬಂದು, ಮೂರನೇ ಸಲ. ಅವರಲ್ಲಿ ಇನ್ನೊಬ್ಬನಾದ ಮತ್ತಾಯ ಅಲ್ಲಿ ಒಂದು ಸಣ್ಣ ಮಾತು ಸೇರಿಸುತ್ತಾನೆ: ಮೂರನೇ ಸಲವೂ ಅದೇ ಮಾತು.

ದೇವಪುತ್ರ ಅಂತ ನಾವು ನಂಬಿರುವವರೇ ಮೂರು ಸಲ ಕೇಳಿದರು. ನಾನು ಕಾರಿಡಾರಿನಲ್ಲಿ ಅರ್ಧ ಸಲವೂ ಕೇಳಬಾರದಂತೆ!

ನನಗೆ ಕೋಪ ಇರುವುದು ಇಲ್ಲೇ. ‘ನಿಮ್ಮ ಚಿತ್ತ ನೆರವೇರಲಿ’ ಅನ್ನುವ ಮಾತನ್ನು ನಾವು ಬೇರೆಯವರ ಬಾಯಿ ಮುಚ್ಚಿಸಲು ಬಳಸುತ್ತೇವೆ. ಗಂಡ ಕುಡಿದು ಬಂದು ಹೊಡೆಯುತ್ತಾನೆ ಅಂತ ಹೆಣ್ಣುಮಗಳು ಬಂದರೆ ‘ನಿನ್ನ ಶಿಲುಬೆ ಮಗಳೇ, ಹೊತ್ತುಕೋ’. ಮಗುವನ್ನು ಕಳೆದುಕೊಂಡವರಿಗೆ, ಮಣ್ಣು ಇನ್ನೂ ಒಣಗಿರುವುದಿಲ್ಲ, ‘ದೇವರ ಚಿತ್ತ’. ನಿಲ್ಲಿಸಿ ಇದನ್ನ. ಯಾರೂ ನನ್ನ ಪ್ರಾಣವನ್ನು ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಅಂತ ಯೇಸು ಹೇಳುವುದು ಯೊವಾನ್ನನ ಶುಭಸಂದೇಶದ ಹತ್ತನೇ ಅಧ್ಯಾಯದಲ್ಲಿದೆ. ನಾನಾಗಿ ಕೈ ಬಿಚ್ಚಿ ಕೊಟ್ಟರೆ ಒಪ್ಪಿಸುವುದು. ಇನ್ನೊಬ್ಬರು ಬಂದು ನನ್ನ ಬೆರಳು ಒಂದೊಂದಾಗಿ ಬಿಡಿಸಿದರೆ ಅದಕ್ಕೆ ಬೇರೆ ಹೆಸರಿದೆ.

ಸರಿ, ಮೂರು ಸಲ ಕೇಳಿಯೂ ಯೇಸುವಿನ ಹಾಗೆ ‘ನನ್ನ ಇಷ್ಟ ಬೇಡ, ನಿಮ್ಮದೇ ಆಗಲಿ’ ಅನ್ನುವ ಗಟ್ಟಿತನ ಎಲ್ಲಿಂದ ಬರುತ್ತದೆ? ಇದಕ್ಕೂ ಉತ್ತರ ಅದೇ ಪುಟದಲ್ಲಿತ್ತು, ನಾನು ಹಾರಿಸಿಕೊಂಡು ಓದಿದ್ದೆ. ಲೂಕನ ಪ್ರಕಾರ ಯೇಸು ಆ ರಾತ್ರಿ ‘ವಾಡಿಕೆಯಂತೆ’ ಆ ತೋಟ ಇದ್ದ ಓಲಿವ್ ಗುಡ್ಡಕ್ಕೆ ಹೋದರು. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನಿಗೆ ಆ ಜಾಗ ಗೊತ್ತಿತ್ತು, ಯೇಸು ಶಿಷ್ಯರ ಜೊತೆ ಅಲ್ಲಿ ಆಗಾಗ ಸೇರುತ್ತಿದ್ದರು ಅಂತ ಯೊವಾನ್ನ ಬರೆಯುತ್ತಾನೆ. ಅಂದರೆ ಕಷ್ಟ ಬಂತು ಅಂತ ಹೊಸದಾಗಿ ಹುಡುಕಿಕೊಂಡು ಹೋದ ಜಾಗ ಅಲ್ಲ ಅದು. ಏನೂ ಆಗದ ರಾತ್ರಿಗಳಲ್ಲೂ ಹೋಗುತ್ತಿದ್ದ ಜಾಗ. ಸಿದ್ಧತೆ ಅಂದರೆ ನನಗೆ ಈಗ ಇಷ್ಟೇ ಅರ್ಥ. ಕಾಲಿಗೆ ದಾರಿ ಗೊತ್ತಿರುವುದು.

ಲೊಯೋಲಾದ ಸಂತ ಇಗ್ನೇಷಿಯಸ್ ಗೊತ್ತಲ್ಲ, ಜೆಸ್ವಿಟ್ ಅನ್ನುವ ಗುರುಗಳ ಸಭೆ ಕಟ್ಟಿದವರು. 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ಮೂಳೆ ಸರಿಯಾಗಿ ಕೂಡಲಿಲ್ಲ, ಉಬ್ಬಿಕೊಂಡಿತು. ಬಿಗಿಯಾದ ಬೂಟು ಹಾಕಿದರೆ ಚೆನ್ನಾಗಿ ಕಾಣುವುದಿಲ್ಲ ಅಂತ ಆ ಮೂಳೆಯನ್ನು ಮತ್ತೆ ಕೊಯ್ಯಿಸಿಕೊಂಡ ಆಸಾಮಿ! ಶೋಕಿ ಅಂದರೆ ಅದು. ‘ನನ್ನ ಸ್ವಾತಂತ್ರ್ಯ, ನೆನಪು, ಬುದ್ಧಿ, ಇಚ್ಛೆ ಎಲ್ಲವನ್ನೂ ತೆಗೆದುಕೋ’ ಅನ್ನುವ ಅರ್ಥದ ಪ್ರಾರ್ಥನೆ ಅದೇ ಮನುಷ್ಯನದು. ಆದರೆ ಅವರು ರೂಪಿಸಿದ 30 ದಿನಗಳ ಧ್ಯಾನದಲ್ಲಿ ಆ ಪ್ರಾರ್ಥನೆ ಬರುವುದು ಕೊನೆಗೆ. ಮೊದಲ ದಿನವೇ ಎಲ್ಲ ಕೊಟ್ಟುಬಿಡು ಅಂತ ಅವರೂ ಕೇಳಲಿಲ್ಲ. ನಾವು ಮೂರು ದಿನದ ಧ್ಯಾನಕೂಟಕ್ಕೆ ಹೋಗಿ ಬಂದು ‘ಎಲ್ಲ ಒಪ್ಪಿಸಿಬಿಟ್ಟೆ’ ಅನ್ನುತ್ತೇವೆ, ಬಸ್ಸಿನಲ್ಲಿ ಕಿಟಕಿ ಸೀಟಿಗೆ ಜಗಳ ಆಡುತ್ತೇವೆ. ನಾನೂ ಆಡಿದ್ದೇನೆ.

ಅಮ್ಮನ ಓಲಿವ್ ಗುಡ್ಡ ಅಡುಗೆಮನೆ. ಬೆಳಿಗ್ಗೆ ಐದೂವರೆಗೆ ಹಾಲು ಒಲೆ ಮೇಲಿಟ್ಟು, ಉಕ್ಕಿ ಬರುವುದರೊಳಗೆ ಜಪಸರದ ಒಂದು ಹತ್ತು ಮಣಿ ಮುಗಿಸುತ್ತಿದ್ದರು. ಎಷ್ಟೋ ದಿನ ಮುಗಿಯದೆ, ‘ನಮೋ ಮರಿಯ’ದ ಮಧ್ಯೆ ಸೌಟು ತೆಗೆದುಕೊಂಡು ಓಡಿದ್ದನ್ನು ನೋಡಿ ನಾವು ನಗುತ್ತಿದ್ದೆವು. ಅದು ಪ್ರಾರ್ಥನೆ ಅಂತ ನನಗೆ ಅನಿಸಿರಲೇ ಇಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದ ಕೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಜಪಸರ ಬ್ಯಾಗಿನಲ್ಲೇ ಇತ್ತು. ಕೈಯಲ್ಲಿ ಮಣಿ ಇಲ್ಲ, ಬೆರಳು ಮಾತ್ರ ಸರಿಯುತ್ತಿದೆ.

ಸ್ವಾಮಿಗಳು ಬಂದು ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿ ಹೋದ ಸಂಜೆ ಅಮ್ಮ ಹೇಳಿದರು, ‘ಮೇ ತಿಂಗಳವರೆಗೆ ಕೊಡು ಅಂತ ಕೇಳಿದ್ದೀನಪ್ಪ. ಪಾಪುವಿನ ಮೊದಲ ಪರಮಪ್ರಸಾದ ಸ್ವೀಕಾರದ ಹಬ್ಬ ನೋಡಬೇಕು.’ ಎರಡು ದಿನ ಬಿಟ್ಟು ಮತ್ತೆ ಅದನ್ನೇ ಹೇಳಿದರು. ಆಮೇಲೆ ಒಂದು ಬೆಳಿಗ್ಗೆ, ಬಹಳ ಸಾಧಾರಣವಾಗಿ, ಮನೆಯಲ್ಲಿ ಹಾಲು ತೀರಿದೆ ಅನ್ನುವ ಧ್ವನಿಯಲ್ಲಿ, ‘ಆಗಲ್ಲ ಅನ್ಸುತ್ತೆ. ಇರಲಿ ಬಿಡು. ಅವಳ ಬಿಳಿ ಫ್ರಾಕಿಗೆ ಬಟ್ಟೆ ಬೀರುವಿನಲ್ಲಿದೆ’ ಅಂದರು. ಈಸ್ಟರ್ ಹಿಂದಿನ ವಾರದ ಗರಿಗಳ ಭಾನುವಾರಕ್ಕೆ ಮೂರು ದಿನ ಮೊದಲು ಹೋದರು.

ಹಿಂದಿನ ವರ್ಷ ಆ ಭಾನುವಾರ ಚರ್ಚಿನಿಂದ ತಂದ ಗರಿ, ಅಮ್ಮನೇ ಶಿಲುಬೆ ಆಕಾರಕ್ಕೆ ಮಡಿಸಿ ದೇವರ ಪಟದ ಹಿಂದೆ ಸಿಕ್ಕಿಸಿದ್ದು, ಹಾಗೇ ಇತ್ತು. ನಮ್ಮಲ್ಲಿ ಹಳೇ ಗರಿಗಳನ್ನು ತಪಸ್ಸುಕಾಲಕ್ಕೆ ಮೊದಲು ದೇವಾಲಯಕ್ಕೆ ಕೊಡಬೇಕು. ಅದನ್ನು ಸುಟ್ಟ ಬೂದಿಯೇ ವಿಭೂತಿ ಬುಧವಾರ ನಮ್ಮ ಹಣೆಗೆ ಬರುವುದು. ನೀನು ಮಣ್ಣು, ಮಣ್ಣಿಗೇ ಮರಳುವೆ ಅಂತ ಹೇಳಿ ಹಚ್ಚುವುದು. ಮುಂದಿನ ವರ್ಷ ನಾನು ಕೊಡಲಿಲ್ಲ. ಅದರ ಮುಂದಿನ ವರ್ಷ ಚೀಲಕ್ಕೆ ಹಾಕಿ, ಗೇಟಿನವರೆಗೆ ಹೋಗಿ ವಾಪಸ್ ತಂದೆ. ಈ ವರ್ಷ ಕೊಟ್ಟೆ. ಡಬ್ಬಕ್ಕೆ ಹಾಕುವಾಗ ಒಂದು ತುದಿ ಮುರಿದು ಜೇಬಿಗೆ ಹಾಕಿಕೊಂಡೆ, ಒಂದು ಬೆರಳಿನಷ್ಟು. ಈಗಲೂ ಪರ್ಸಿನಲ್ಲಿದೆ. ನಮ್ಮ ಸ್ವಾಮಿಗಳು ಈ ವಿಡಿಯೊ ನೋಡುವುದಿಲ್ಲ ಅಂದುಕೊಂಡಿದ್ದೇನೆ.