ಮರಾಡಿಯ ಜುಲೈ ತಿಂಗಳು

ಕೇಳುಗರೇ, ನಮಸ್ಕಾರ.

ಇವತ್ತು ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಮಾತು. ನೈಜೀರಿಯಾ ಅಲ್ಲ, ಅದರ ಉತ್ತರಕ್ಕೆ ಅಂಟಿಕೊಂಡಿರುವ ದೇಶ. ಮುಕ್ಕಾಲು ಪಾಲು ಮರಳುಗಾಡು. ಬೇಸಾಯ ನಡೆಯೋದು ದಕ್ಷಿಣದ ಒಂದು ಪಟ್ಟಿಯಲ್ಲಿ ಮಾತ್ರ. ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದೂ ಬಂದರೆ ಬಂತು. ಬೆಳೆಯೋದು ಸಜ್ಜೆ, ಜೋಳ, ಅಲಸಂದೆ. ಕೊಪ್ಪಳ, ರಾಯಚೂರು ಕಡೆಯವರಿಗೆ ಆ ಹೊಲಗಳು ಅಪರಿಚಿತ ಅನ್ನಿಸಲಿಕ್ಕಿಲ್ಲ. ಸಜ್ಜೆಯ ತವರೇ ಆ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ಕಡೆಗೆ ಬಂತು. ನಮ್ಮ ನುಗ್ಗೆ ಅಲ್ಲಿಗೆ ಹೋಗಿದೆ. ನುಗ್ಗೆಸೊಪ್ಪು ಬೇಯಿಸಿ, ಮೇಲೆ ಶೇಂಗಾ ಪುಡಿ ಉದುರಿಸಿ ಅಲ್ಲಿಯವರು ಇಷ್ಟಪಟ್ಟು ತಿನ್ನುತ್ತಾರೆ.

ದಕ್ಷಿಣದಲ್ಲಿ, ನೈಜೀರಿಯಾ ಗಡಿ ಹತ್ತಿರ ಮರಾಡಿ ಅಂತ ಒಂದು ಊರು. ವ್ಯಾಪಾರದ ಊರು, ಸುತ್ತಲೂ ಬೆಳೆಯುವ ಸೀಮೆ. 2005ರಲ್ಲಿ ಸೊರಗಿದ ಮಕ್ಕಳನ್ನು ತಾಯಂದಿರು ಸಾವಿರಗಟ್ಟಲೆ ಹೊತ್ತು ತಂದದ್ದು ಇಲ್ಲಿಗೇ. ಹಾಗಾದರೆ ಪೇಟೆಯಲ್ಲಿ ಕಾಳು ಇರಲಿಲ್ಲವೇ? ಇತ್ತು! ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಮಿಡತೆ ಹಿಂಡೂ ಬಂದಿತ್ತು ನಿಜ. ಆದರೆ ಇಡೀ ದೇಶದ ಲೆಕ್ಕದಲ್ಲಿ ಬೆಳೆ ಕಡಿಮೆಯಾದದ್ದು ಸುಮಾರು ಹತ್ತರಲ್ಲಿ ಒಂದು ಪಾಲು ಅಷ್ಟೇ.

ಅಲ್ಲಿನ ರೈತನ ವರ್ಷ ಹೇಗೆ ಸಾಗುತ್ತೆ ಅಂತ ನೋಡಿದರೆ ಇದು ಅರ್ಥವಾಗುತ್ತದೆ. ಅಕ್ಟೋಬರಿನಲ್ಲಿ ಸುಗ್ಗಿ. ಎಲ್ಲರ ಮನೆಯಲ್ಲೂ ಕಾಳು, ಹಾಗಾಗಿ ರೇಟು ಬಿದ್ದಿರುತ್ತದೆ. ಆದರೆ ಸಾಲ ಕೊಟ್ಟವರು ಬಾಗಿಲಿಗೆ ಬಂದಿರುತ್ತಾರೆ, ಮಾರದೆ ವಿಧಿಯಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಕಣಜ ಬರಿದು. ಆಮೇಲೆ ಅದೇ ಪೇಟೆಯಿಂದ ತಿಯಾ ಲೆಕ್ಕದಲ್ಲಿ ಕೊಂಡು ತರಬೇಕು. ತಿಯಾ ಅಂದರೆ ನಮ್ಮ ಸೇರಿನ ಹಾಗೆ ಒಂದು ಬಟ್ಟಲ ಅಳತೆ. ತಾನು ಮಾರಿದ್ದಕ್ಕಿಂತ ಎಷ್ಟೋ ಜಾಸ್ತಿ ಕೊಟ್ಟು ತರಬೇಕು. ಆ ವರ್ಷ ನೈಜೀರಿಯಾದಲ್ಲೂ ಕಾಳು ತುಟ್ಟಿಯಾಗಿತ್ತು, ಅಲ್ಲಿಯ ವ್ಯಾಪಾರಿಗಳು ಬಂದು ಕೊಂಡೊಯ್ದರು. ಮನೆಯ ಮೇಕೆ ಮಾರೋಣ ಅಂದರೆ ಎಲ್ಲರೂ ಮಾರೋಕೆ ನಿಂತಿದ್ದಾರೆ, ಮೇಕೆಗೆ ಬೆಲೆಯಿಲ್ಲ.

ಸರ್ಕಾರ ತನ್ನ ಉಗ್ರಾಣದ ಕಾಳನ್ನು ಕಡಿಮೆ ಬೆಲೆಗೆ ಮಾರಿತು. ಪುಕ್ಕಟೆ ಹಂಚಲು ಮೊದಮೊದಲು ಒಪ್ಪಲಿಲ್ಲ. ಪುಕ್ಕಟೆ ಕೊಟ್ಟರೆ ಪೇಟೆ ಕೆಡುತ್ತದೆ ಅನ್ನೋದು ವಾದ. ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಸುಗ್ಗಿ ಹೊತ್ತಿಗೆ ಹೊರಗಿನ ಕಾಳು ಬಂದು ಬಿದ್ದರೆ ರೈತ ಮುಳುಗುತ್ತಾನೆ. ಆದರೆ ಕೈಯಲ್ಲಿ ಕಾಸೇ ಇಲ್ಲದವಳಿಗೆ ಅರ್ಧ ಬೆಲೆಯೂ ಒಂದೇ, ಪೂರ್ತಿ ಬೆಲೆಯೂ ಒಂದೇ ಅಲ್ವಾ? ವಿಶ್ವಸಂಸ್ಥೆ 2004ರ ಕೊನೆಯಿಂದಲೇ ನೆರವು ಕೇಳುತ್ತಿತ್ತು. ಜನ ಕಿವಿಗೊಟ್ಟದ್ದು ಜುಲೈನಲ್ಲಿ, ಟಿವಿಯಲ್ಲಿ ಮಕ್ಕಳ ಚಿತ್ರ ಬಂದ ಮೇಲೆ.

ಅಲ್ಲಿ ಜುಲೈ ಅಂದರೆ ಬಹಳ ಕಷ್ಟದ ತಿಂಗಳು. ಕಣಜ ಬರಿದಾಗೋದೂ, ಮಲೇರಿಯಾ ಏರೋದೂ, ಹೊಲದಲ್ಲಿ ಕಳೆ ಕೀಳೋದೂ ಎಲ್ಲ ಒಟ್ಟಿಗೇ. ತೀರಾ ಸೊರಗಿದ ಮಗುವಿಗೆ ಮೊದಲೆಲ್ಲ ಆಸ್ಪತ್ರೆಯೇ ಗತಿ. ವಾರಗಟ್ಟಲೆ ಅಲ್ಲೇ ಇರಬೇಕು. ವಿಶೇಷ ಹಾಲಿನ ಪುಡಿಯನ್ನು ಶುದ್ಧ ನೀರಲ್ಲಿ ಕಲಸಿ, ಹಗಲೂ ರಾತ್ರಿ ಅಳೆದು ಕುಡಿಸಬೇಕು. ತಾಯಿ ಆಸ್ಪತ್ರೆಯಲ್ಲಿ ಕೂತರೆ ಮನೆಯಲ್ಲಿರುವ ಉಳಿದ ನಾಲ್ಕೈದು ಮಕ್ಕಳಿಗೆ ಯಾರು? ಕಳೆ ಕೀಳೋರು ಯಾರು? ಬೆಳೆ ಹೋದರೆ ಮುಂದಿನ ವರ್ಷವೂ ಇದೇ ಪಾಡು. ಹೀಗಾಗಿ ಎಷ್ಟೋ ತಾಯಂದಿರು ಬರುತ್ತಲೇ ಇರಲಿಲ್ಲ, ಬಂದವರು ಅರ್ಧಕ್ಕೇ ಹೊರಟುಬಿಡುತ್ತಿದ್ದರು.

ಇಲ್ಲಿ ಉಪಯೋಗಕ್ಕೆ ಬಂದದ್ದು ಒಂದು ಪೊಟ್ಟಣ. 1990ರ ದಶಕದಲ್ಲಿ ಫ್ರಾನ್ಸಿನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾಂ ಮತ್ತು ನ್ಯೂಟ್ರಿಸೆಟ್ ಕಂಪನಿಯ ಮಿಶೆಲ್ ಲೆಸ್ಕಾನ್ ಸೇರಿ ರೂಪಿಸಿದ್ದು. ಹೆಸರು ಪ್ಲಂಪಿನಟ್. ಅರೆದ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೊತೆಗೆ ವಿಟಮಿನ್ ಮತ್ತು ಖನಿಜ. 92 ಗ್ರಾಂ ತೂಕ, 500 ಕ್ಯಾಲರಿ. ನೀರು ಬೇಡ, ಒಲೆ ಬೇಡ, ಬಿಸಿಲಿಗೆ ಕೆಡೋದಿಲ್ಲ.

ಕೇಂದ್ರಕ್ಕೆ ಬಂದ ಮಗುವಿನ ಪಾದವನ್ನು ನರ್ಸ್ ಹೆಬ್ಬೆರಳಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯುತ್ತಾರೆ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿದರೆ ಅದು ಬಾವು, ಅಪಾಯದ ಗುರುತು. ಆಮೇಲೆ ಪೊಟ್ಟಣದ ಮೂಲೆ ಹರಿದು ತಾಯಿಯ ಕೈಗೆ ಕೊಡುತ್ತಾರೆ. ಕೈ ತೊಳೆದು, ಬೆರಳ ತುದಿಗೆ ಒಂದಿಷ್ಟು ಹಿಂಡಿ ಮಗುವಿನ ಬಾಯಿಗೆ ಇಡಬೇಕು. ಒತ್ತಾಯ ಮಾಡಬಾರದು. ಮಗು ತಾನೇ ಚೀಪಿತು, ಮತ್ತೆ ಬಾಯಿ ತೆರೆಯಿತು, ಬೇರೆ ಕಾಯಿಲೆಯೂ ಇಲ್ಲ ಅಂದರೆ ವಾರಕ್ಕಾಗುವಷ್ಟು ಪೊಟ್ಟಣ ಕೊಟ್ಟು ಮನೆಗೆ ಕಳಿಸುತ್ತಾರೆ. ಬಾಯಿ ತಿರುಗಿಸಿದ, ಇಲ್ಲವೇ ಬೇರೆ ಕಾಯಿಲೆಯೂ ಇರುವ ಮಗುವಿಗೆ ಮಾತ್ರ ಆಸ್ಪತ್ರೆ ಹಾಸಿಗೆ. 2005ರಲ್ಲಿ ಗಡಿಯಿಲ್ಲದ ವೈದ್ಯರ ಸಂಸ್ಥೆ, ಅಂದರೆ ಎಂಎಸ್ಎಫ್, ನೈಜರ್‌ನಲ್ಲಿ 60 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಚಿಕಿತ್ಸೆ ಕೊಟ್ಟಿತು. ಹೆಚ್ಚಿನವರು ಮನೆಯಲ್ಲೇ ಇದ್ದು ಚೇತರಿಸಿಕೊಂಡರು. 2007ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಇದೇ ದಾರಿ ಸರಿ ಅಂದವು.

ಇನ್ನೊಂದು ಸಾಮಾನು ತೋಳಿನ ಪಟ್ಟಿ. ಕೆಂಪು, ಹಳದಿ, ಹಸಿರು ಬಣ್ಣದ ಒಂದು ಟೇಪು. ಮಗುವಿನ ಎಡತೋಳಿನ ನಡುಭಾಗಕ್ಕೆ ಸುತ್ತುತ್ತಾರೆ. 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು. ಇದನ್ನು ಆರೋಗ್ಯ ಕಾರ್ಯಕರ್ತೆಯೇ ಹಿಡಿಯಬೇಕು ಅಂತಿತ್ತು. ಜಿಂದರ್ ಸೀಮೆಯಲ್ಲಿ ಅಲಿಮಾ ಅನ್ನೋ ವೈದ್ಯಕೀಯ ನೆರವಿನ ಸಂಸ್ಥೆ ತಾಯಂದಿರಿಗೇ ಕೊಟ್ಟು ನೋಡಿತು. ಓದು ಬರದಿದ್ದರೇನು, ಬಣ್ಣ ಕಾಣುತ್ತಲ್ಲ. ಮಗುವಿನ ತೋಳು ತಾಯಿಗಿಂತ ಚೆನ್ನಾಗಿ ಬಲ್ಲವರಾದರೂ ಯಾರು? ತಾಯಂದಿರು ಮಕ್ಕಳನ್ನು ಬೇಗ ಕರೆತಂದರು, ಹಾಸಿಗೆ ಹಿಡಿಯುವ ಮಕ್ಕಳು ಕಡಿಮೆಯಾದರು.

ಆದರೆ ಪೊಟ್ಟಣ ಮಗುವನ್ನು ಉಳಿಸುತ್ತದೆ, ಕಣಜ ತುಂಬಿಸೋದಿಲ್ಲ. ಹಾಗಾಗಿ ಜುಲೈಗೆ ಮುಂಚೆಯೇ ಆರು ತಿಂಗಳು ದಾಟಿದ, ಎರಡು ವರ್ಷದೊಳಗಿನ ಮಕ್ಕಳಿಗೆಲ್ಲ ಪೌಷ್ಟಿಕ ಹಿಟ್ಟು ಹಂಚುವುದು, ಮನೆಯ ಹೆಂಗಸಿನ ಕೈಗೇ ದುಡ್ಡು ಕೊಡುವುದು ಶುರುವಾಯಿತು. 2010ರಲ್ಲಿ ತಹೂವಾ ಸೀಮೆಯಲ್ಲಿ ಆ ದುಡ್ಡನ್ನು ಮೊಬೈಲ್ ಮೂಲಕ ಕಳಿಸಿ ನೋಡಿದರು. ದುಡ್ಡಿಗಾಗಿ ದೂರ ನಡೆದು, ಕಾಯುವ ಕಷ್ಟ ತಪ್ಪಿತು. ಮನೆ ಊಟದಲ್ಲಿ ಬಗೆಯೂ ಸ್ವಲ್ಪ ಹೆಚ್ಚಾಯಿತು. ನನ್ನ ಕೇಳಿದರೆ, ಪೇಟೆಯಲ್ಲಿ ಕಾಳು ಇರುವ ಕಡೆ ಮೂಟೆಗಿಂತ ದುಡ್ಡೇ ಮೇಲು.

ಪ್ಲಂಪಿನಟ್ ಈಗ ರಾಜಧಾನಿ ನಿಯಾಮೆಯಲ್ಲೇ ತಯಾರಾಗುತ್ತದೆ. ಆದರೆ ಹಾಲಿನ ಪುಡಿ, ವಿಟಮಿನ್ ಹೊರಗಿಂದಲೇ ಬರಬೇಕು. ನೈಜರ್‌ಗೆ ಸಮುದ್ರವಿಲ್ಲ, 2023ರವರೆಗೆ ಸರಕು ಬರುತ್ತಿದ್ದದ್ದು ಹೆಚ್ಚಾಗಿ ಬೆನಿನ್ ದೇಶದ ಬಂದರಿನಿಂದ. 2023ರ ಜುಲೈ 26ರಂದು ನಿಯಾಮೆಯಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಅಕ್ಕಪಕ್ಕದ ದೇಶಗಳ ಒಕ್ಕೂಟ ದಿಗ್ಬಂಧನ ಹಾಕಿತು. ನೆರವಿನ ಆಹಾರ ಹೊತ್ತ ಲಾರಿಗಳೂ ಬೆನಿನ್‌ನ ಗಡಿ ಊರು ಮಲಾನ್‌ವಿಲ್‌ನಲ್ಲಿ ಸಾಲುಗಟ್ಟಿ ನಿಂತವು. ದಿಗ್ಬಂಧನ ಬಿದ್ದ ತಿಂಗಳು ಮತ್ತೆ ಜುಲೈ ಆಗಿತ್ತು. ದಿಗ್ಬಂಧನ ತೆಗೆದದ್ದು 2024ರ ಫೆಬ್ರವರಿಯಲ್ಲಿ.

ನಮಸ್ಕಾರ.